ಹಾರದೆ ಉಳಿದ ಬೆಳ್ಳಕ್ಕಿಗಳು

ಯುದ್ಧದ ವರ್ಷಗಳಲ್ಲಿ ಹೆಮ್ಮಾಡಿಯ ನಮ್ಮ ಮನೆಯಲ್ಲಿ ಮಧ್ಯಾಹ್ನವೂ ಗಂಜಿ, ಅದೂ ತೆಳು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಗಂಜಿಗೆ ನೆಂಚಿಕೊಳ್ಳಲು ಅಬ್ಬೆ ಬೇಲಿಯ ಸೊಪ್ಪನ್ನೆಲ್ಲ ಕೊಯ್ದು ಮುಗಿಸಿದ್ದಳು.

ಗದ್ದೆಯಾಚೆ ದೇವಸ್ಥಾನದ ಭಟ್ಟರ ಮನೆ. ಮಂಡಿನೋವಿನ ಭಟ್ರಮ್ಮ ದಿನವಿಡೀ ಜಗಲಿಯಲ್ಲಿ ಕೂತು, ಹೂ ಕಟ್ಟುತ್ತ ಗದ್ದೆಯ ಹಕ್ಕಿ ನೋಡುತ್ತಿದ್ದರು. ಗುಡುಗಿ ಮಳೆ ಸುರಿದ ಮರುದಿನ ಅವರೇ ಕೂಗಿದರು.

"ಹ್ವಾಯ್, ಇಲ್ ಬಾ ಮಾರಾಯ್ತಿ! ಆ ಹುತ್ತದ್ ಹತ್ರ ಕಾಣ್. ಬೆಳ್ಳಕ್ಕಿ ಅಲ್ದಾ?"

"ಹೌದ್ ಅಮ್ಮಾ, ಕಾಂಬುಕೆ ಹಾಂಗೇ ಇತ್ತ್," ಎಂದಳು ಅಬ್ಬೆ.

"ಕೆಲವ್ ಬೆಳಿಗ್ಗಿಂದ ಅಲ್ಲಾಡ್ಲೇ ಇಲ್ಲ. ಒಂದ್ಸಲ ಹೋಯಿ ಕಾಣ್."

ನಾನೂ ಅಬ್ಬೆಯ ಹಿಂದೆ ಗದ್ದೆಯಂಚಿನಲ್ಲಿ ನಡೆದೆ. ಹತ್ತಿರ ಹೋಗಿ ಚಪ್ಪಾಳೆ ತಟ್ಟಿದೆ. ಕತ್ತು ಒಳಗೆಳೆದು ಮುದುಡಿ ನಿಂತಿದ್ದ ಬೆಳ್ಳಕ್ಕಿಗಳು ಕಪ್ಪು ಕಾಲು ಇಳಿಬಿಟ್ಟುಕೊಂಡು ಹೊಳೆಯತ್ತ ಹಾರಿದವು. ಉಳಿದವೆಲ್ಲ ಅಣಬೆ! ಅದೇ ಬಿಳುಪು, ಅದೇ ಒಂಟಿ ಕಾಲಿನ ನಿಲುವು. ಬಗ್ಗಿ ನೋಡಿದರೆ ಮಾತ್ರ ಕೊಡೆಯ ನಡುವೆ ತುಸು ಕಂದು. ಕಾಂಡ ಹುತ್ತದೊಳಕ್ಕೆ ಆಳವಾಗಿ ಇಳಿದಿತ್ತು. ಹುತ್ತದ ಗೆದ್ದಲು ತಿನ್ನಲು ಹಕ್ಕಿ ಬಂದಿದ್ದವು. ಅದೇ ಗೆದ್ದಲಿನ ಗೂಡಿನಿಂದ ಅಣಬೆ ಎದ್ದಿತ್ತು.

ಸೆರಗು ತುಂಬಿತು. ಆದರೆ ಜಾಗ ಭಟ್ಟರದು. ಅಬ್ಬೆ ಅವರ ಅಂಗಳದ ಕೆಳಗೆ ಹೋಗಿ ನಿಂತಳು.

"ಅಮ್ಮಾ, ಅಣಬಿ. ನಿಮ್ ಜಾಗದ್ದ್."

"ನಮ್ಮಲ್ಲ್ ಅದ್ ತಿಂಬುಕಿಲ್ಲ. ಎಲ್ಲಾ ನೀನೇ ತಕಂಡ್ ಹೋಗ್, ಮಕ್ಳಿಗೆ ಹೊಟ್ಟಿ ತುಂಬ ಬಡ್ಸ್." ಆಮೇಲೆ ದನಿ ತಗ್ಗಿಸಿ ಕೇಳಿದರು: "ಅದ್ರ ರುಚಿ ಹ್ಯಾಂಗಿರತ್ತ್?"

ಅಬ್ಬೆ ತಬ್ಬಿಬ್ಬಾದಳು. "ಎಳಿ ಹಲ್ಸಿನ್‌ಕಾಯಿ ಪಲ್ಯ ಇತ್ತಲ್ದಾ ಅಮ್ಮಾ, ಹೆಚ್ಚುಕಮ್ಮಿ ಹಾಂಗೆ."

ಇಬ್ಬರೂ ನಕ್ಕರು. ಹೊರಡುವಾಗ ಭಟ್ರಮ್ಮ ಒಳಗಿನಿಂದ ತೆಂಗಿನಕಾಯಿ ತರಿಸಿದರು. "ಕಾಯಿ ಇಲ್ದೆ ಎಂತ ಗಸಿ ಮಾಡ್ತೆ? ಇದನ್ನೂ ಹಿಡ್ಕೋ."

ಆ ಮಧ್ಯಾಹ್ನ ಕಾಯಿ ಅರೆದು ಮಾಡಿದ ಅಣಬೆ ಗಸಿಯ ಪರಿಮಳ ಇವತ್ತಿಗೂ ಮೂಗಿನಲ್ಲಿದೆ. ಅಬ್ಬೆ ತನಗೆ ತಾನೇ ಎರಡನೇ ಸಲ ಬಡಿಸಿಕೊಂಡದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಮುಂದಿನ ವರ್ಷ ಭಟ್ಟರ ಮನೆಯ ಉಳುವ ಆಳು ಗದ್ದೆ ಅಗಲ ಮಾಡಲು ಆ ಹುತ್ತವನ್ನೇ ಕಡಿಯಹೊರಟ. ಜಗಲಿಯಿಂದ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಭಟ್ರಮ್ಮ ಕೋಲೂರಿಕೊಂಡು, ಕೆಸರಲ್ಲಿ ಕಾಲೆಳೆಯುತ್ತ ಅಲ್ಲಿಯವರೆಗೂ ಬಂದು ಅವನ ಹಾರೆ ಹಿಡಿದರು. ತಾವು ಎಂದೂ ಬಾಯಿಗಿಡದ ಒಂದು ತುತ್ತನ್ನು ಅವರು ನಮಗಾಗಿ ಕಾಯ್ದರು.