ಉಸ್ತಾದರ ಸುತಳಿ

ಉಸ್ತಾದರ ಬಲಗೆನ್ನೆಯ ಎಲುಬಿನ ಮೇಲೆ ತೊಗರಿಕಾಳಿನಷ್ಟು ಕಪ್ಪು ಗಂಟೊಂದಿತ್ತು. ವರ್ಷಾನುಗಟ್ಟಲೆ ರೈಫಲ್ಲಿನ ಕಟ್ಟಿಗೆಗೆ ಗಲ್ಲ ಒತ್ತಿ ಒತ್ತಿ ಎದ್ದ ಗಂಟು. ಬಲಗಿವಿ ಪೂರ್ತಿ ಕೆಟ್ಟಿತ್ತು. ಯಾರು ಮಾತಾಡಿಸಿದರೂ ಎಡಗಿವಿ ಮುಂದೆ ಮಾಡಿ, ಕುತ್ತಿಗೆ ವಾರೆ ಹಿಡಿದು ಕೇಳುತ್ತಿದ್ದರು. ಹೊಸಬರು ಇವರಿಗೆ ನಮ್ಮ ಮೇಲೆ ಸಂಶಯ ಅಂದುಕೊಳ್ಳುತ್ತಿದ್ದರು. ಸಂಶಯವೂ ಇರುತ್ತಿತ್ತು, ಅದು ಬೇರೆ ಮಾತು.

ಫೌಜಿನಲ್ಲಿ ಗುರಿ ಕಲಿಸುವವರನ್ನು ಉಸ್ತಾದ ಅನ್ನುತ್ತಾರೆ. ನಿವೃತ್ತರಾಗಿ ಹೂವಿನ ಹಿಪ್ಪರಗಿಯಲ್ಲಿ ಹೊಲ ಮಾಡಿಕೊಂಡಿದ್ದರೂ ಅವರಿಗೆ ಅದೇ ಹೆಸರು ಉಳಿಯಿತು. ಸಿಂದಗಿಯ ಹೊರಗೆ, ಕಲ್ಲು ತೆಗೆದು ಬಿಟ್ಟ ಖಣಿಯಲ್ಲಿ ನಮ್ಮ ರೈಫಲ್ ಕ್ಲಬ್ಬಿನ ರೇಂಜು. ಪ್ರತಿ ರವಿವಾರ ಅವರು ಆ ಕಡೆಯ ಬಸ್ಸಿಗೆ ಬರುತ್ತಿದ್ದರು, ನಾನು ಆಲಮೇಲದ ಬಸ್ಸಿಗೆ. ಆಗ ನಾನು ಬಿ.ಎ. ಓದುತ್ತಿದ್ದೆ. ರೈಫಲ್ ಹಿಡಿಯುವ ಹುಡುಗಿ ಅಂತ ಬಸ್ಸಿನಲ್ಲಿ ನಗುವವರಿದ್ದರು. ಅವರ ಮುಖಗಳೆಲ್ಲ ನನಗೆ ಇನ್ನೂ ನೆನಪಿವೆ. ಮರೆಯುವ ಗುಣ ನನ್ನದಲ್ಲ.

ಇಂಡಿ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಕಬ್ಬಿಣ ಕೊಯ್ಸಿ ಉಸ್ತಾದರು ಗುರಿಯ ಪ್ಲೇಟು ಮಾಡಿಸಿದ್ದರು. ಅವುಗಳ ಹೆಸರು ಪರಾತ, ರೊಟ್ಟಿ, ಬಶಿ. ದೊಡ್ಡದು, ನಡುವಿನದು, ಸಣ್ಣದು. ಕಿಸೆಯಲ್ಲಿ ಸದಾ ಒಂದು ಸುತಳಿ, ಅದರಲ್ಲಿ ಮೂರು ಗಂಟು, ಒಂದೊಂದು ಪ್ಲೇಟಿನ ಅಡ್ಡಳತೆಗೆ ಒಂದೊಂದು. ಪ್ಲೇಟು ತೂಗುಹಾಕುವ ಮುಂಚೆ ಸುತಳಿ ಹಿಡಿದು ನೋಡುವುದು ಅವರ ರೂಢಿ. ತಾವೇ ಮಾಡಿಸಿದ ಪ್ಲೇಟನ್ನೂ ಬಿಡುತ್ತಿರಲಿಲ್ಲ.

ಮುನ್ನೂರು ಮೀಟರಿನಿಂದ ಪರಾತದ ಮೇಲೆ ಹತ್ತಕ್ಕೆ ಹತ್ತು, ಅದೂ ಸತತ ಮೂರು ರವಿವಾರ ಹೊಡೆಯಬೇಕು. ಆಮೇಲೆ ರೊಟ್ಟಿ. ಮೊದಲ ತಿಂಗಳಲ್ಲೇ ನಾನು ಬಶಿ ಕೇಳಿದ್ದೆ.

"ಬಶಿಗೆ ಹತ್ತು ಹೊಡದ್ರ ಒಂದು ಬಡೀತೈತಿ," ಅಂದರು. "ಆ ಒಂದನ್ನ ಊರ ತುಂಬ ಹೇಳಿಕೋತ ತಿರಗತಿ. ಉಳದ ಒಂಬತ್ತು ಯಾಕ ತಪ್ಪಿದುವು ಅಂದ್ರ, ಪ್ಲೇಟ ಸಣ್ಣದಿತ್ತರಿ ಅಂತಿ. ಸಣ್ಣ ಪ್ಲೇಟ ಅಂದ್ರ ಸುಳ್ಳು ಹೇಳಾಕ ಛಲೋ ಜಾಗಾ, ಯವ್ವಾ."

ಹತ್ತಕ್ಕೆ ಒಂಬತ್ತು ಹೊಡೆದವರನ್ನು ಹೊಗಳಿದ್ದು ನಾನು ಕೇಳಿಲ್ಲ. "ಒಂದು ಎಲ್ಲಿ ಹೋತು? ಗುಂಡು ಎಲ್ಲರೆ ಹೋಗೇ ಹೋಗಿರತೈತಿ." ಫೈರಿಂಗ್ ನಿಲ್ಲಿಸಿ, ರೈಫಲ್ ಖಾಲಿ ಮಾಡಿಸಿ, ತಪ್ಪಿದವರನ್ನು ಹಿಂದಿನ ಮಣ್ಣಿನ ದಿಬ್ಬದವರೆಗೆ ನಡೆಸುತ್ತಿದ್ದರು. ಆ ಗುಂಡು ಹೊಕ್ಕ ತೂತು ಹುಡುಕಿ ಬೆರಳಿಟ್ಟು ತೋರಿಸಬೇಕು. ಹೋಗಲಿಕ್ಕೆ ಮುನ್ನೂರು, ಬರಲಿಕ್ಕೆ ಮುನ್ನೂರು, ವಿಜಾಪುರದ ಬಿಸಿಲಲ್ಲಿ. ನಾನು ಎಷ್ಟು ಸಲ ನಡೆದಿದ್ದೇನೋ.

ಆ ವರ್ಷ ರಾಜ್ಯ ತಂಡಕ್ಕೆ ನಮ್ಮ ಕ್ಲಬ್ಬಿನಿಂದ ಒಬ್ಬರನ್ನು ಆರಿಸುವುದಿತ್ತು. ಕೊನೆಗೆ ಉಳಿದದ್ದು ನಾನು ಮತ್ತು ಕ್ಲಬ್ಬಿನ ಕಾರ್ಯದರ್ಶಿಯ ಅಣ್ಣನ ಮಗ. ಇಬ್ಬರಿಗೂ ರೊಟ್ಟಿ, ಬೇರೆ ಬೇರೆ ಪ್ಲೇಟು, ಹತ್ತು ಹತ್ತು ಗುಂಡು. ಪ್ಲೇಟು ಹಾಕಿಸಿದ್ದು ಕಾರ್ಯದರ್ಶಿ. ಉಸ್ತಾದರನ್ನು ಹಾರ ತುರಾಯಿ ಅಂತ ಪೆಂಡಾಲಿನಲ್ಲೇ ಕೂಡಿಸಿಬಿಟ್ಟಿದ್ದರು. ನನ್ನವು ಒಂಬತ್ತು ಬಡಿದವು. ಅವನವು ಹತ್ತೂ ಬಡಿದವು. ಚಪ್ಪಾಳೆ ಬಿತ್ತು.

ಉಸ್ತಾದರು ಮಾತ್ರ ಎಡಗಿವಿ ಮುಂದೆ ಮಾಡಿಕೊಂಡು ಎದ್ದು ನಿಂತಿದ್ದರು. "ಆ ಪ್ಲೇಟಿನ ದನಿ ದಪ್ಪ ಐತಿ," ಅಂದವರೇ ನಡೆದುಹೋದರು. ನಾನೂ ಹಿಂದೆ ಓಡಿದೆ. ನನ್ನ ಪ್ಲೇಟಿಗೆ ಸುತಳಿಯ ಗಂಟು ಸರಿಯಾಗಿ ಕೂತಿತು. ಅವನ ಪ್ಲೇಟು ಗಂಟು ದಾಟಿ ನಾಲ್ಕು ಬೆರಳು ಹೊರಗಿತ್ತು. ಅಷ್ಟು ದೂರದಿಂದ ಎರಡೂ ಒಂದೇ ಬಿಳಿ ಚುಕ್ಕಿ.

ಕಾರ್ಯದರ್ಶಿ ಸುತಳಿ ನೋಡಿ ನಕ್ಕರು. "ಕಬ್ಬಿಣ ಬಿಸಲಿಗೆ ಹಿಗ್ಗಿರಬೇಕ್ರಿ, ಉಸ್ತಾದ್ರ." ಸುತ್ತಲಿದ್ದವರೂ ನಕ್ಕರು. ಹುಡುಗನ ಹೆಸರು ಕಳಿಸಿಯಾಗಿದೆ ಅಂದರು ಕಾರ್ಯದರ್ಶಿ. ಮುಂದಿನ ವಾರ, ವಯಸ್ಸಾಯಿತು, ಇನ್ನು ತೊಂದರೆ ತೆಗೆದುಕೊಳ್ಳಬೇಡಿ ಅಂತ ಉಸ್ತಾದರಿಗೆ ಹೇಳಿ ಕಳಿಸಿದರು. ಅವರು ಕಟ್ಟಿದ ರೇಂಜಿಗೆ ಅವರೇ ಬರದಂತಾಯಿತು.

ಆಯ್ಕೆಯ ದಿನ ಸಂಜೆಯೇ ಬಸ್ ಸ್ಟ್ಯಾಂಡಿನಲ್ಲಿ ಉಸ್ತಾದರ ಮುಂದೆ ನಾನು ಅತ್ತಿದ್ದೆ. "ಆ ಕಾರ್ಯದರ್ಶಿನ್ನ ಬಿಡೂದಿಲ್ರಿ ನಾ," ಅಂದೆ. ಸಮಾಧಾನ ಮಾಡುತ್ತಾರೆ ಅಂತ ಕಾದೆ. ಅವರು ಚಹಾ ಆರಿಸುತ್ತ ಕೇಳಿದ್ದು ಇಷ್ಟೇ: "ನಿನ್ನ ಪ್ಲೇಟ ಬರೋಬರಿ ಇತ್ತಲಾ. ನಿನ್ನ ಹತ್ತನೇದು ಎಲ್ಲಿ ಹೋತು?"

ಆ ಹೊತ್ತಿಗೆ ಅವರ ಮೇಲೂ ಸಿಟ್ಟು ಬಂತು. ಎರಡು ತಿಂಗಳು ಮಾತು ಬಿಟ್ಟೆ, ಸಿಂದಗಿಯ ರೇಂಜನ್ನೂ ಬಿಟ್ಟೆ. ಆಮೇಲೆ ಮುದ್ದೇಬಿಹಾಳದ ಕಡೆ ಇನ್ನೊಂದು ರೇಂಜು ಇದೆ ಅಂತ ತಿಳಿದು ಅಲ್ಲಿಗೆ ಹೋದರೆ, ಬೇವಿನ ಗಿಡದ ಕೆಳಗೆ ಉಸ್ತಾದರು ಕೂತಿದ್ದರು. "ತಡಾ ಮಾಡಿದಿ," ಅಂದರು. ನಾನು ಬರುತ್ತೇನೆ ಅಂತ ಏಳು ರವಿವಾರ ಎರಡೆರಡು ಬಸ್ಸು ಬದಲಿಸಿ ಬಂದು ಕಾದಿದ್ದರಂತೆ.

ಹೋದ ವರ್ಷ ಜೋಳದ ರಾಶಿಯ ಹೊತ್ತಿನಲ್ಲಿ ಉಸ್ತಾದರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಅವರ ಹೆಂಡತಿ ಗೂಟದ ಮೇಲಿನ ಅಂಗಿಯ ಕಿಸೆಯಿಂದ ಸುತಳಿ ತೆಗೆದು, "ಇದು ನಿನಗ ಅಂತ ಹೇಳಿದ್ರವ್ವ," ಅಂದು ಕೈಗಿಟ್ಟರು.

ಈ ವರ್ಷ ಸಿಂದಗಿ ಕ್ಲಬ್ಬಿಗೆ ಹೊಸ ಕಮಿಟಿ ಬಂತು. ಸ್ಪರ್ಧೆ ನಡೆಸಿಕೊಡಲು ನನ್ನನ್ನು ಕರೆದರು. ಐವತ್ತು ದಾಟಿದವರ ಪಟ್ಟಿಯಲ್ಲಿ ಹಳೆಯ ಕಾರ್ಯದರ್ಶಿಯ ಹೆಸರಿತ್ತು. ಓದಿ ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಮರುದಿನವೇ ಇಂಡಿಗೆ ಹೋಗಿ ರೊಟ್ಟಿಗಿಂತ ನಾಲ್ಕು ಬೆರಳು ಸಣ್ಣದೊಂದು ಪ್ಲೇಟು ಕೊಯ್ಸಿದೆ. ನಾನೇ ಬಿಳಿ ಬಣ್ಣ ಬಳಿದೆ.

ಸ್ಪರ್ಧೆಯ ದಿನ ಹಳೆಯ ಕಾರ್ಯದರ್ಶಿಯ ಸರದಿಗೆ ಅದನ್ನೇ ಕೊಂಡಿಗೆ ಹಾಕಿದೆ. ಕೈ ರೂಢಿಯಂತೆ ಸುತಳಿ ತೆಗೆಯಿತು. ಗಂಟು ಅಂಚು ದಾಟಿ ಗಾಳಿಯಲ್ಲಿ ನಿಂತಿತು. ಈ ಪ್ಲೇಟಿಗೆ ಅವರು ತಪ್ಪಿದರೆ, ಪ್ಲೇಟ ಸಣ್ಣದಿತ್ತರಿ ಅನ್ನಬಹುದು, ಮತ್ತೆ ಆ ಮಾತು ಖರೆ ಇರುತ್ತದೆ. ಅವರ ಬಾಯಿಗೆ ಖರೆ ಮಾತು ಕೊಡುವ ಮನಸ್ಸು ನನಗಿರಲಿಲ್ಲ. ಕನಿಕರದಿಂದ ಅಲ್ಲ, ಕನಿಕರ ನನಗೆ ಚೂರೂ ಇರಲಿಲ್ಲ. ಅವರ ತಪ್ಪು ಪೂರ್ತಿ ಅವರದೇ ಆಗಬೇಕಿತ್ತು. ಸಣ್ಣದನ್ನು ಇಳಿಸಿ, ಸರಿಯಾದ ರೊಟ್ಟಿ ಹಾಕಿ, ಅವರನ್ನೇ ಕರೆಸಿದೆ. "ಈ ತುದಿ ಹಿಡೀರಿ ಸಾಹೇಬ್ರ." ಎಲ್ಲರೆದುರು ಹಿಡಿದರು. ಗಂಟು ಬರೋಬರಿ ಕೂತಿತು.

ಹತ್ತು ಹೊಡೆದರು. ಆರು ಬಡಿದವು.

"ಪ್ಲೇಟ..." ಅಂತ ಏನೋ ಶುರು ಮಾಡಿದರು.

"ಇವತ್ತ ಥಂಡಿ ಐತ್ರಿ," ಅಂದೆ. "ಕಬ್ಬಿಣ ಹಿಗ್ಗಿಲ್ಲ. ನಾಕು ಗುಂಡು ಎಲ್ಲಿ ಹೋದುವು, ತೋರಿಸಿ ಬರೂಣು ನಡೀರಿ."

ಜನ ನೋಡುತ್ತಿದ್ದರು. ಇಲ್ಲ ಅನ್ನಲಾಗದೆ ನಡೆದರು. ದಿಬ್ಬದಲ್ಲಿ ಬಗ್ಗಿ ಒಂದೊಂದೇ ತೂತಿಗೆ ಬೆರಳಿಟ್ಟು ತೋರಿಸಿದರು. ನಾಲ್ಕನೆಯದು ಸಿಗಲು ಬಹಳ ಹೊತ್ತು ಹಿಡಿಯಿತು. ನಾನು ಅವಸರ ಮಾಡಲಿಲ್ಲ. ಕೈಯ ಮಣ್ಣು ಒರೆಸಿಕೊಳ್ಳುತ್ತ ಅವರು, "ಇದು ಉಸ್ತಾದ್ರ ಪದ್ಧತಿ ಅಲ್ಲೇನು?" ಅಂದರು. ಹೌದ್ರಿ ಅಂದೆ.

ಆ ಸಣ್ಣ ಪ್ಲೇಟು ಈಗ ನನ್ನ ಹತ್ತಿರವೇ ಇದೆ. ರೊಟ್ಟಿಯ ಮೇಲೆ ಹತ್ತಕ್ಕೆ ಹತ್ತು ಎಂದೋ ಮುಗಿಸಿದ್ದೇನೆ, ಈಗ ರವಿವಾರ ಅದನ್ನು ತೂಗುಹಾಕಿಕೊಳ್ಳುತ್ತೇನೆ. ಇನ್ನೂ ಎಂಟು ದಾಟಿಲ್ಲ. ಉಳಿದೆರಡನ್ನು ಹುಡುಕಿಕೊಂಡು ದಿಬ್ಬದವರೆಗೆ ಒಬ್ಬಳೇ ನಡೆದು ಹೋಗಿ ಬೆರಳಿಡುತ್ತೇನೆ.