ಎ ಗುಂಪಿನವಳಿಗೆ ಮೊಸರನ್ನ

ನಮ್ಮ ಫ್ರಿಜ್ಜಿನ ಬಾಗಿಲಿಗೆ ಆರು ತಿಂಗಳಿಂದ ಒಂದು ಹಾಳೆ ಅಂಟಿಕೊಂಡಿದೆ. ಒಗ್ಗರಣೆಯ ಎಣ್ಣೆ ಸಿಡಿದು ಅದರ ಮೂಲೆ ಹಳದಿಯಾಗಿದೆ. ಅದನ್ನು ತಂದವರು ನನ್ನ ಯಜಮಾನರು. ಬೆಳಗಿನ ವಾಕಿಂಗಿನ ಬಳಗದಲ್ಲಿ ಯಾರೋ ಹಂಚಿದರಂತೆ: ನಾಲ್ಕು ರಕ್ತದ ಗುಂಪು, ನಾಲ್ಕು ಕಾಲಂ, ಯಾರ ರಕ್ತಕ್ಕೆ ಯಾವ ಅಡುಗೆ ಒಗ್ಗುತ್ತದೆ, ಯಾವುದು ಒಗ್ಗದು ಎಂಬ ತೀರ್ಪು. ಜಾತಕ ಕೂಡಿಸಿ ಮದುವೆಯಾದ ಮೂವತ್ತೊಂದು ವರ್ಷಕ್ಕೆ ಈಗ ರಕ್ತ ಕೂಡಿಸುವ ಸರದಿ ಬಂತಲ್ಲ ಎಂದು ನಾನು ನಕ್ಕೆ. ನಮ್ಮ ಡಾಕ್ಟರೂ ನಕ್ಕು, ಇದಕ್ಕೆಲ್ಲ ಆಧಾರವಿಲ್ಲ ಎಂದರು. ಆದರೆ ನೀವು ಬಲ್ಲಿರಿ, ನಮ್ಮ ಧಾರವಾಡದಲ್ಲಿ ಡಾಕ್ಟರ ಮಾತಿಗಿಂತ ಅಚ್ಚಾದ ಹಾಳೆಗೆ ಮರ್ಯಾದೆ ಹೆಚ್ಚು.

ಯಜಮಾನರದೂ ಅತ್ತೆಯವರದೂ ಬಿ, ನನ್ನದು ಎ. ಅವರಿಗೆ ಶೇಂಗಾ ಚಟ್ನಿ ವರ್ಜ್ಯ. ನನಗೆ ಅಮ್ಮಿನಬಾವಿಯಿಂದ ಬುಟ್ಟಿಯಲ್ಲಿ ಬರುವ ಎಳೆ ಬದನೆಕಾಯಿ ವರ್ಜ್ಯ. ಶೇಂಗಾ ಬಿಟ್ಟು ಬದುಕುವುದೆಂದರೆ ನಮ್ಮ ಕಡೆ ಅರ್ಧ ಸನ್ಯಾಸವೇ, ಹಾಗಾಗಿ ಯಜಮಾನರ ಉತ್ಸಾಹ ಎಂಟನೆಯ ದಿನಕ್ಕೆ ಇಳಿಯಿತು. ಹಾಳೆಯನ್ನು ಗಟ್ಟಿಯಾಗಿ ಹಿಡಿದವರು ಎಂಬತ್ತೆರಡರ ಅತ್ತೆ. ನನಗೆ ಮೊಸರೂ ಆಗದು ಎಂದು ಅದರಲ್ಲಿತ್ತು.

ಯಜಮಾನರು ಉಂಡೆದ್ದ ಮೇಲೆ ನಾವಿಬ್ಬರೂ ಎದುರುಬದುರು ಕೂತು ಉಣ್ಣುವುದು, ಕಡೆಗೆ ಅತ್ತೆ ಮೊಸರನ್ನ ಕಲಸಿ ಮೊದಲ ತುತ್ತನ್ನು ನನ್ನ ಅಂಗೈಗೆ ಹಾಕುವುದು ನಮ್ಮ ಮನೆಯ ರೂಢಿ. ಹೊಸ ಸೊಸೆಯಾಗಿ ಬಂದ ವಾರ, ತವರು ನೆನೆದು ನಾನು ಉಣ್ಣದೆ ಕೂತಿದ್ದಾಗ ಶುರುವಾದದ್ದು. ಇಬ್ಬರೂ ಜಗಳವಾಡಿದ ದಿನವೂ ಅದು ತಪ್ಪಿರಲಿಲ್ಲ; ಮುಖ ತಿರುಗಿಸಿಕೊಂಡೇ ಹಾಕುತ್ತಿದ್ದರು. ಹಾಳೆ ಬಂದ ಮೇಲೆ ನಿಂತುಹೋಯಿತು. ನನ್ನ ಒಳ್ಳೆಯದಕ್ಕೇ ಇರಬಹುದು, ಆದರೂ ಹೊಟ್ಟೆ ತುಂಬಿದ ಮೇಲೂ ಉಂಡಂತೆ ಅನಿಸುತ್ತಿರಲಿಲ್ಲ. ಐವತ್ತೈದರ ಹೆಂಗಸು ಒಂದು ತುತ್ತಿಗಾಗಿ ಬಾಯಿ ಬಿಟ್ಟು ಕೇಳುವುದು ಹೇಗೆ ಎಂದು ನಾಚಿಕೊಂಡು ಸುಮ್ಮನಿದ್ದೆ.

ಮೊನ್ನೆ ತಡೆಯಲಾಗಲಿಲ್ಲ. “ಅತ್ತೀ, ಆ ಹಾಳ್ಯಾಗಿಂದು ಖರೇ ಅಲ್ಲಂತ್ರಿ, ಡಾಕ್ಟರ್ ಹೇಳ್ಯಾರ. ಒಂದ್ ತುತ್ತು ಹಾಕ್ರಿ,” ಎಂದೆ.

ಅವರು ತಲೆಯೆತ್ತಲಿಲ್ಲ. “ಮೊಸರಿಂದು ಬಿಡವಾ. ನಿಂದು ಎ ಅಂತ ತಿಳಿದಾಗಿಂದ ನನಗ ಸಮಾಧಾನನ ಇಲ್ಲ. ಉಂಡ ಅನ್ನನ ಅಲ್ಲೇನು ರಕ್ತ ಆಗೂದು? ಮೂವತ್ತೊಂದ್ ವರ್ಷ ಇದ ಕೈಲೆ ಉಣಿಸೇನಿ. ನಿನ್ನ ರಕ್ತ ಇನ್ನೂ ಬ್ಯಾರೇನ ಅದ ಅಂದ್ರ, ನಾ ಉಣಿಸಿದ್ದೆಲ್ಲಾ ಎಲ್ಲಿ ಹೋತು?”

ನಾನು ಶಾಲೆಯಲ್ಲಿ ಇಷ್ಟು ವರ್ಷ ವಿಜ್ಞಾನ ಕಲಿಸಿದವಳು. ರಕ್ತದ ಗುಂಪು ಹೆತ್ತವರಿಂದ ಬರುತ್ತದೆ, ಸಾಯುವತನಕ ಹಾಗೆಯೇ ಇರುತ್ತದೆ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆ ಪಾಠ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ರಕ್ತ ನೋಡಿ ಅನ್ನ ಆರಿಸಿಕೋ ಎನ್ನುತ್ತದೆ ಹಾಳೆ. ಅನ್ನವೇ ರಕ್ತವಾಗುತ್ತದೆಂದು ನಂಬಿದ ಈ ಜೀವ, ಪರರ ಮನೆಯ ಹುಡುಗಿಯನ್ನು ದಿನಕ್ಕೊಂದು ತುತ್ತಿನಂತೆ ತನ್ನವಳಾಗಿಸಿಕೊಳ್ಳುತ್ತಿತ್ತು, ಅದು ನನಗೆ ಗೊತ್ತೇ ಆಗಿರಲಿಲ್ಲ. ನನಗೆ ಅಳು ಬಂತು.

“ಹಂಗಾರ ಇನ್ನಷ್ಟ ಉಣಸ್ರಿ,” ಎಂದು ಕೈಯೊಡ್ಡಿದೆ.

ಅತ್ತೆ ಎಡಗೈಯಿಂದ ಮೊಸರಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡರು.