ಸಮಾಧಾನವಾಗಿ ಕೊಟ್ಟ ಕೀ

ಗುಬ್ಬಿಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಅಂದು ನಾನು ಗಾಬರಿಯಾಗಲಿಲ್ಲ ಎಂದು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಅದು ನಿಜ. ಹೇಳಿಕೊಳ್ಳುವಂಥದ್ದಲ್ಲ, ಅಷ್ಟೆ.

ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿ ಫಿಟ್ಸ್ ಬಂದು ಕೆಳಗೆ ಬಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. "ಕಬ್ಣ ಕೊಡ್ರೋ, ಕಬ್ಣ!" ಎಂದು ಬಸ್ಸಿಗೆ ಬಸ್ಸೇ ಕಿರುಚಿತು. ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆಂಬುದು ನಮ್ಮ ಕಡೆ ಓದಿದವರೂ ಬಿಡದ ನಂಬಿಕೆ. ಇಬ್ಬರು ವಿಡಿಯೋ ಮಾಡಲು ಮೊಬೈಲ್ ಎತ್ತಿದರು. ಅವರ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ.

ಆಗ ಎದ್ದವರು ಒಬ್ಬ ನಿವೃತ್ತ ಹೆಡ್ಮಾಸ್ಟರು. "ಯಾರೂ ಗಾಬರಿಯಾಗ್ಬೇಡಿ, ಹೆಡ್ಮಾಸ್ಟ್ರಾಗಿದ್ದೋನು ನಾನು. ನಿಮ್ ನಿಮ್ ಕೀ ಕೊಡಿ," ಎಂದರು, ಉತ್ತರಪತ್ರಿಕೆ ವಾಪಸು ಕೇಳುವ ದನಿಯಲ್ಲಿ. ಬಸ್ಸು ತೆಪ್ಪಗಾಯಿತು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡುವಾಗ ಅಪಸ್ಮಾರದ ಮೇಲೆ ಇಡೀ ಒಂದು ಅಧ್ಯಾಯ ಓದಿ ಪಾಸಾದ ನಾನು ಸ್ಕೂಟರಿನ ಕೀ ತೆಗೆದು ಕೊಟ್ಟೆ. ಸಮಾಧಾನವಾಗಿಯೇ ಕೊಟ್ಟೆ.

ಅವರು ಕೀಗಳನ್ನೆಲ್ಲ ಅವಳ ಮುಷ್ಟಿಗೆ ತುರುಕಿದರು. ಅದುರುವುದು ನಿಲ್ಲಲಿಲ್ಲ. ಉದ್ದನೆಯದೊಂದನ್ನು ಆರಿಸಿ, "ನಾಲ್ಗೆ ಕಚ್ಕೊಂತಾಳೆ" ಎನ್ನುತ್ತ ಹಲ್ಲುಗಳ ನಡುವೆ ತೂರಿಸಲು ಬಗ್ಗಿದರು. ಅಂಗಾತ ಬಿದ್ದವಳ ಗಂಟಲಲ್ಲಿ ಗೊರಗೊರ ಸದ್ದು, ತುಟಿ ನೀಲಿಯಾಗುತ್ತಿತ್ತು.

ಹಿಂದಿನ ಸೀಟಿನಿಂದ ಬುರ್ಖಾ ತೊಟ್ಟ ಹೆಂಗಸೊಬ್ಬಳು ನುಗ್ಗಿ ಬಂದಳು. ಅವಳ ಕೈ ನಡುಗುತ್ತಿತ್ತು.

"ತೆಗೀರಿ ಮೇಷ್ಟ್ರೇ ಅದನ್ನ! ಉಸಿರ್ ಕಟ್ಸಿ ಸಾಯಿಸ್ತೀರಾ ಮಗೂನ?"

"ಏನಮ್ಮ, ಕುಣಿಗಲ್‌ನಲ್ಲಿ ಮೂವತ್ ವರ್ಷ ಮಕ್ಕಳನ್ನ ನೋಡಿದೀನಿ ನಾನು..."

"ನೋಡಿದ್ದು ಸಾಕು, ಸರೀರಿ ಆ ಕಡೆ. ನನ್ ತಂಗಿಗೂ ಬರುತ್ತೆ."

ಹುಡುಗಿಯನ್ನು ಪಕ್ಕಕ್ಕೆ ಹೊರಳಿಸಿ ತಲೆಯಡಿ ತನ್ನ ಬಟ್ಟೆಯ ಬ್ಯಾಗಿಟ್ಟಳು. "ಡ್ರೈವರಣ್ಣಾ, ಸೀದಾ ಆಸ್ಪತ್ರೆಗೆ ಬುಡಿ" ಎಂದು ಕೂಗಿ, ಮೊಬೈಲಿನಲ್ಲಿ ನಿಮಿಷ ಎಣಿಸುತ್ತ ಕೂತಳು. ನೊರೆ ಹೊರಕ್ಕೆ ಹರಿಯಿತು. ಮಲ್ಲಸಂದ್ರ ದಾಟುವಷ್ಟರಲ್ಲಿ ಉಸಿರು ಸರಾಗವಾಯಿತು.

ಈ ಕತೆ ಹೇಳುವಾಗ, ಹೊರಳಿಸಲು ನಾನೂ ಕೈ ಹಾಕಿದೆ ಎಂದು ಸೇರಿಸುತ್ತೇನೆ. ಈಗ ಅದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ ಕೂಡ. ಅಂದಿನ ಡೈರಿಯಲ್ಲಿರುವುದು "ಕೀ ಕೊಟ್ಟೆ" ಎಂದಷ್ಟೆ.

ಹುಡುಗಿ ಕಣ್ಣು ಬಿಟ್ಟಾಗ ಆ ಹೆಂಗಸು ಉದುರಿದ್ದ ಕೀಗಳನ್ನು ಹೆಕ್ಕಿ ಎತ್ತಿ ಹಿಡಿದಳು. "ಯಾರ್ದ್ರಪ್ಪಾ ಇವು? ಬುದ್ಧಿವಂತ್ರು ಬಂದು ತಗೊಳ್ಳಿ."

ಹೆಡ್ಮಾಸ್ಟರು ತಮ್ಮದನ್ನು ತೆಗೆದುಕೊಂಡು ಗಾಂಭೀರ್ಯದಿಂದ ಕೂತರು. ನಾನು ಕಿಟಕಿಯಾಚೆ ನೋಡಿದೆ. ಸ್ಕೂಟರು ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿತ್ತು, ಆಸ್ಪತ್ರೆಯ ಮುಂದೆ ಇಳಿದು ಆಟೋದಲ್ಲಿ ಮನೆಗೆ ಹೋದೆ. ಮನೆಯಲ್ಲಿ ಇನ್ನೊಂದು ಕೀ ಇತ್ತು. ಆ ಲೆಕ್ಕಾಚಾರವನ್ನೂ ಸಮಾಧಾನವಾಗಿಯೇ ಮಾಡಿದ್ದೆ.